ಲೈಂಗಿಕ ಒಲವಿನ ಚಿಕಿತ್ಸೆ ಮತ್ತು ಧಾರ್ಮಿಕ ವಾಗ್ವಾದ: ಬೆಂಗಳೂರು ದಂಡಿನಿಂದ ದೊಡ್ಡನೆಕ್ಕುಂದಿಯವರೆಗೆ

ಕನ್ನಡದಲ್ಲಿ ‘ಗುಣ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ಅಕ್ಕಪಕ್ಕದಲ್ಲಿಯೇ ಬಳಕೆಯಲ್ಲಿವೆ. ಸ್ವಭಾವ ಎಂಬುದು ಒಂದು. ಕಾಯಿಲೆ ವಾಸಿಯಾಗುವುದು ಇನ್ನೊಂದು. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಹೇಳುವ ಬಾಯಿಯೇ ‘ಜ್ವರ ಗುಣವಾಯಿತು’ ಎಂದೂ ಹೇಳುತ್ತದೆ. ಸಲಿಂಗ ಒಲವುಳ್ಳ ವ್ಯಕ್ತಿಗಳನ್ನು ಚಿಕಿತ್ಸೆಯಿಂದ ಬದಲಾಯಿಸಬಹುದೇ, ಬದಲಾಯಿಸಬೇಕೇ ಎಂಬ ಬಗ್ಗೆ ಕಳೆದ ಐದು ದಶಕಗಳಲ್ಲಿ ನಡೆದ ಧಾರ್ಮಿಕ ವಾಗ್ವಾದವು ಈ ಎರಡು ಅರ್ಥಗಳ ನಡುವೆಯೇ ಓಡಾಡಿದೆ. ಅದು ಗುಣವೋ, ಗುಣಪಡಿಸಬೇಕಾದದ್ದೋ ಎಂಬ ಪ್ರಶ್ನೆಗೆ ವೈದ್ಯರು ಕೊಟ್ಟ ಉತ್ತರ ಕಾಲಕಾಲಕ್ಕೆ ಬದಲಾಯಿತು. ಧರ್ಮದ ಪರವಾಗಿ ಮಾತನಾಡಿದವರ ಉತ್ತರವೂ ಬದಲಾಯಿತು. ಆದರೆ ಎರಡೂ ಒಂದೇ ವೇಗದಲ್ಲಿ, ಒಂದೇ ದಿಕ್ಕಿನಲ್ಲಿ ಬದಲಾಗಲಿಲ್ಲ ಎಂಬುದು ಇತಿಹಾಸದ ದೃಷ್ಟಿಯಿಂದ ಗಮನಾರ್ಹವಾದ ಸಂಗತಿ.

ಈ ವಾಗ್ವಾದದ ಕೆಲವು ಮುಖ್ಯ ಘಟ್ಟಗಳನ್ನು ಬೆಂಗಳೂರನ್ನು, ಅದರಲ್ಲಿಯೂ ನಗರದ ದಂಡು ಪ್ರದೇಶ ಮತ್ತು ಪೂರ್ವಭಾಗವನ್ನು ನಿಲುಗಡೆಯಾಗಿ ಇಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ಆಯ್ಕೆಗೆ ಕಾರಣವಿದೆ. 1809ರಲ್ಲಿ ಸ್ಥಾಪನೆಯಾದ ದಂಡು, 1881ರಿಂದ 1947ರವರೆಗೆ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಮೈಸೂರು ಸಂಸ್ಥಾನದ ಆಡಳಿತದಿಂದ ಹೊರಗಿದ್ದು, ಬ್ರಿಟಿಷರ ನೇರ ಆಡಳಿತಕ್ಕೆ ಒಳಪಟ್ಟಿತ್ತು. ಇಲ್ಲಿ ಬೆಳೆದ ಚರ್ಚುಗಳು, ಮಸೀದಿಗಳು, ದೇವಾಲಯಗಳು, ಧಾರ್ಮಿಕ ವಿದ್ಯಾಪೀಠಗಳು ಹಾಗೂ ಮಿಷನ್ ಆಸ್ಪತ್ರೆಗಳು ನಗರದ ಬೌದ್ಧಿಕ ಜೀವನದ ಒಂದು ಪ್ರತ್ಯೇಕ ಪದರವಾಗಿ ಉಳಿದವು. ಪೂರ್ವದ ಇನ್ನೊಂದು ತುದಿಯಲ್ಲಿರುವ ದೊಡ್ಡನೆಕ್ಕುಂದಿ ಬೇರೆ ಬಗೆಯ ಸ್ಥಳ. ಕೆರೆ, ಹೊಲ, ತೋಟಗಳ ಹಳ್ಳಿಯಾಗಿದ್ದ ಅದು ಕೈಗಾರಿಕಾ ಪ್ರದೇಶ, ಹೊರವರ್ತುಲ ರಸ್ತೆ ಮತ್ತು ಮಾಹಿತಿ ತಂತ್ರಜ್ಞಾನದ ಕಚೇರಿಗಳು ಬಂದ ಮೇಲೆ ಎರಡೇ ದಶಕಗಳಲ್ಲಿ ನಾನಾ ಭಾಷೆಗಳ ವಲಸಿಗರ ನೆಲೆಯಾಯಿತು. ಮಿಲ್ಲರ್ಸ್ ರಸ್ತೆಯ ವಿದ್ಯಾಪೀಠದಲ್ಲಿ ಗ್ರಂಥಗಳ ಆಧಾರದ ಮೇಲೆ ನಡೆಯುವ ಚರ್ಚೆ ದೊಡ್ಡನೆಕ್ಕುಂದಿಯ ವಸತಿ ಸಮುಚ್ಚಯದ ಒಂದು ಮನೆಯನ್ನು ತಲುಪುವಾಗ ಏನಾಗಿ ಮಾರ್ಪಡುತ್ತದೆ ಎಂಬ ಪ್ರಶ್ನೆಯೇ ಈ ಬರಹಕ್ಕೆ ಪ್ರೇರಣೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಸಲಿಂಗ ಒಲವನ್ನು ‘ವಾಸಿಮಾಡುವ’ ಯತ್ನವು ಪ್ರಾಚೀನ ಧರ್ಮಗ್ರಂಥಗಳಿಂದ ಬಂದದ್ದೆಂದು ಪರ-ವಿರೋಧ ಎರಡೂ ಪಕ್ಷದವರು ಭಾವಿಸುವುದುಂಟು. ಗ್ರಂಥಗಳು ಹಾಗೆ ಹೇಳುವುದಿಲ್ಲ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಪುರುಷನೊಡನೆ ಸಂಗಮಿಸಿದ ದ್ವಿಜನಿಗೆ ಉಟ್ಟ ಬಟ್ಟೆಯಲ್ಲಿಯೇ ಸ್ನಾನ ಮಾಡಬೇಕೆಂದು ವಿಧಿಸುತ್ತದೆ. ಎತ್ತಿನ ಬಂಡಿಯಲ್ಲಿ, ನೀರಿನಲ್ಲಿ, ಹಗಲಿನಲ್ಲಿ ಸ್ತ್ರೀಸಂಗ ಮಾಡಿದವನಿಗೂ ಅದೇ ಶ್ಲೋಕದಲ್ಲಿ ಅದೇ ಪ್ರಾಯಶ್ಚಿತ್ತ ಹೇಳಿದೆ. ಕನ್ಯೆಯನ್ನು ಕೆಡಿಸಿದ ಸ್ತ್ರೀಯ ವಿಷಯದಲ್ಲಿ ಮಾತ್ರ ಎಂಟನೆಯ ಅಧ್ಯಾಯದ ಶಿಕ್ಷೆ ಕಠೋರವಾಗಿದೆ. ಅಲ್ಲಿ ಕಾಣುವ ಚಿಂತೆ ಕನ್ಯತ್ವದ್ದು, ಒಲವಿನದಲ್ಲ. ಕೌಟಿಲ್ಯನು ಪೂರ್ವಸಾಹಸ ದಂಡವನ್ನು, ಅಂದರೆ ಅತ್ಯಂತ ಕೆಳಮಟ್ಟದ ದಂಡವನ್ನು ನಿಗದಿಪಡಿಸಿದ್ದಾನೆ. ಸುಶ್ರುತಸಂಹಿತೆಯ ಶಾರೀರಸ್ಥಾನವಂತೂ ಆಸೇಕ್ಯ, ಸೌಗಂಧಿಕ, ಕುಂಭೀಕ ಮೊದಲಾದ ಭೇದಗಳನ್ನು ಹೆಸರಿಸಿ, ಅವು ಗರ್ಭಧಾರಣೆಯ ಕಾಲದ ಕಾರಣಗಳಿಂದ ಉಂಟಾಗುವವೆಂದು ವಿವರಿಸುತ್ತದೆ. ಸ್ಮೃತಿಕಾರರಿಗೆ ಅದು ಒಂದು ಕೃತ್ಯ. ವೈದ್ಯಗ್ರಂಥಕಾರನಿಗೆ ಅದು ಒಂದು ಜನ್ಮಭೇದ. ಕೃತ್ಯಕ್ಕೆ ಪ್ರಾಯಶ್ಚಿತ್ತವುಂಟು. ಮನುಷ್ಯನ ಒಲವನ್ನೇ ಕಿತ್ತು ಬೇರೊಂದನ್ನು ನೆಡುವ ವಿಧಿ ಇವುಗಳಲ್ಲಿ ಕಾಣುವುದಿಲ್ಲ.

1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮೂ ‘ಪ್ರಕೃತಿಯ ಕ್ರಮಕ್ಕೆ ವಿರುದ್ಧವಾದ’ ಕೃತ್ಯವನ್ನೇ ಗುರಿಯಾಗಿಸಿಕೊಂಡಿತ್ತು. ‘ಸಲಿಂಗಕಾಮಿ’ ಎಂಬ ಒಂದು ಮನುಷ್ಯಜಾತಿಯನ್ನು ಕಲ್ಪಿಸಿ, ಅದನ್ನು ರೋಗದ ವರ್ಗದಲ್ಲಿ ಇರಿಸಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಯುರೋಪಿನ ಮನೋವೈದ್ಯಶಾಸ್ತ್ರ. ಭಾರತದಲ್ಲಿ ಧರ್ಮದ ಹೆಸರಿನಲ್ಲಿ ಮಾತನಾಡಿದವರು ‘ರೋಗ’ ಎಂಬ ಮಾತನ್ನು ಎರವಲು ಪಡೆದದ್ದು ಆಸ್ಪತ್ರೆಯಿಂದಲೇ ಎಂದು ಹೇಳಬಹುದು. ಆಸ್ಪತ್ರೆಯು ಆ ಮಾತನ್ನು ಹಿಂದಕ್ಕೆ ಪಡೆದ ಮೇಲೂ ಎರವಲು ಪಡೆದವರು ಅದನ್ನು ಹಿಂದಿರುಗಿಸಲಿಲ್ಲ.

ಬೆಂಗಳೂರಿಗೆ ಸಂಬಂಧಿಸಿದ ಒಂದು ಮಹತ್ವದ ಗ್ರಂಥವನ್ನು ಇಲ್ಲಿ ಸ್ಮರಿಸಬೇಕು. 1929ರಲ್ಲಿ ಬೆಂಗಳೂರಿನ ಕನ್ನಡ ಕುಟುಂಬವೊಂದರಲ್ಲಿ ಜನಿಸಿ, ಗಣಿತದ ಅಸಾಧಾರಣ ಸಾಮರ್ಥ್ಯಕ್ಕಾಗಿ ಜಗತ್ತಿನಾದ್ಯಂತ ಹೆಸರಾದ ಶಕುಂತಲಾದೇವಿಯವರು 1977ರಲ್ಲಿ ‘ದಿ ವರ್ಲ್ಡ್ ಆಫ್ ಹೋಮೋಸೆಕ್ಷುಯಲ್ಸ್’ ಎಂಬ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಭಾರತದಲ್ಲಿ ಈ ವಿಷಯವನ್ನು ಕುರಿತು ಸಹಾನುಭೂತಿಯಿಂದ ಬರೆದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು. ಅದರಲ್ಲಿ ಅವರು ಶ್ರೀರಂಗದ ವೈಷ್ಣವ ವಿದ್ವಾಂಸರೂ ಅರ್ಚಕರೂ ಆಗಿದ್ದ ಶ್ರೀನಿವಾಸ ರಾಘವಾಚಾರಿಯರ್ ಅವರೊಡನೆ ನಡೆಸಿದ ಸಂದರ್ಶನವಿದೆ. ಒಂದೇ ಲಿಂಗದ ಇಬ್ಬರು ಪರಸ್ಪರ ಒಲಿದಿದ್ದರೆ ಹಿಂದಿನ ಜನ್ಮದಲ್ಲಿ ಅವರು ಗಂಡುಹೆಣ್ಣಾಗಿ ಒಲಿದಿದ್ದಿರಬೇಕು, ದೇಹದ ಲಿಂಗ ಬದಲಾದರೂ ಆತ್ಮದ ಒಲವು ಉಳಿದುಬರುತ್ತದೆ ಎಂಬುದು ಆ ವಿದ್ವಾಂಸರ ಅಭಿಪ್ರಾಯದ ಸಾರ. ಆಧುನಿಕ ವೈದ್ಯವು ಈ ವಿವರಣೆಯನ್ನು ಒಪ್ಪಲಾರದು, ಒಪ್ಪಬೇಕಾಗಿಯೂ ಇಲ್ಲ. ಆದರೆ ಸಂಪ್ರದಾಯದ ಒಳಗೇ ನಿಂತ ಅರ್ಚಕರೊಬ್ಬರು ಕರ್ಮಸಿದ್ಧಾಂತವನ್ನು ದೂಷಣೆಗೆ ಬಳಸದೆ ವಿವರಣೆಗೆ ಬಳಸಿದರು. ಈ ಮಾತು ಮುಂದಿನ ಧಾರ್ಮಿಕ ಚರ್ಚೆಗಳಲ್ಲಿ ದೊರೆಯಬೇಕಾದಷ್ಟು ಸ್ಥಾನವನ್ನು ಪಡೆಯಲಿಲ್ಲ ಎಂದು ನನಗೆ ತೋರುತ್ತದೆ.

ಅದೇ ವರ್ಷಗಳಲ್ಲಿ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದುದು ಬೇರೆ. ‘ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ’ ಪತ್ರಿಕೆಯು 1979, 1982 ಮತ್ತು 1983ರಲ್ಲಿ ಸಲಿಂಗಕಾಮದ ವರ್ತನಾ ಚಿಕಿತ್ಸೆ ಮತ್ತು ಅದರ ಫಲಿತಾಂಶಗಳನ್ನು ಕುರಿತ ಲೇಖನಗಳನ್ನು ಪ್ರಕಟಿಸಿತು. ಇವುಗಳಲ್ಲಿ ಮೊದಲನೆಯದು 1960ರ ದಶಕದಲ್ಲಿ ಮ್ಯಾಂಚೆಸ್ಟರಿನಲ್ಲಿ ಫೆಲ್ಡ್‌ಮನ್ ಮತ್ತು ಮೆಕಲ್ಲಕ್ ರೂಪಿಸಿದ ವಿಧಾನವನ್ನು ಅನುಸರಿಸಿದ್ದಿತು. ಪುರುಷರ ಚಿತ್ರವನ್ನು ತೆರೆಯ ಮೇಲೆ ಮೂಡಿಸಿ, ನಿಗದಿತ ಕ್ಷಣಗಳೊಳಗೆ ರೋಗಿಯು ಅದನ್ನು ಒತ್ತುಗುಂಡಿಯಿಂದ ಸರಿಸದಿದ್ದರೆ ವಿದ್ಯುತ್ ಆಘಾತ ಕೊಡಲಾಗುತ್ತಿತ್ತು. ಚಿತ್ರ ಸರಿದೊಡನೆ ಆಘಾತವೂ ನಿಲ್ಲುತ್ತಿತ್ತು. ಇದರ ಬೆನ್ನಿಗೆ ಸ್ತ್ರೀಯ ಚಿತ್ರವನ್ನು ತೋರಿಸುವ ಕ್ರಮವಿತ್ತು. ನೋವಿನಿಂದ ಬಿಡುಗಡೆಯಾದ ನೆಮ್ಮದಿಯು ಆ ಚಿತ್ರದೊಡನೆ ಬೆಸೆದುಕೊಳ್ಳಲಿ ಎಂಬುದು ಅದರ ತರ್ಕ. ‘ಅವರ್ಷನ್ ಥೆರಪಿ’, ಅಂದರೆ ಅರುಚಿ ಹುಟ್ಟಿಸುವ ಚಿಕಿತ್ಸೆ ಎಂದು ಕರೆಯಲಾಗುವ ಪದ್ಧತಿ ಇದೇ. ಈ ಲೇಖನಗಳ ಭಾಷೆ ಸಂಪೂರ್ಣವಾಗಿ ಲೌಕಿಕವಾದದ್ದು. ಪಾಪವೆಂಬ ಪದಕ್ಕೆ ಅಲ್ಲಿ ಎಡೆಯಿಲ್ಲ. ಹಾಗಿದ್ದರೂ ವಿವಾಹಯೋಗ್ಯತೆಯನ್ನೇ ಗುಣವಾದುದರ ಕುರುಹಾಗಿ ನೋಡುವ ದೃಷ್ಟಿ ಆ ಕಾಲದ ಚಿಕಿತ್ಸಾ ಸಾಹಿತ್ಯದಲ್ಲಿ ಹಾಸುಹೊಕ್ಕಾಗಿತ್ತು. ವಿವಾಹವೋ ನಮ್ಮಲ್ಲಿ ಧಾರ್ಮಿಕ ಸಂಸ್ಕಾರ. ಹೀಗೆ ಧರ್ಮವು ಮುಂಬಾಗಿಲಿನಿಂದ ಬಾರದೆ ಹಿಂಬಾಗಿಲಿನಿಂದ ಚಿಕಿತ್ಸಾಕೊಠಡಿಯನ್ನು ಪ್ರವೇಶಿಸಿತ್ತು.

ಅಮೆರಿಕದ ಮನೋವೈದ್ಯ ಸಂಘವು 1973ರಲ್ಲಿಯೇ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸಭೆಯು ರೋಗವರ್ಗೀಕರಣದ ಹತ್ತನೆಯ ಪರಿಷ್ಕರಣೆಯನ್ನು 1990ರ ಮೇ 17ರಂದು ಅಂಗೀಕರಿಸಿದಾಗ ಆ ಹೆಸರು ಅಲ್ಲಿಂದಲೂ ಹೋಯಿತು. ಆದರೆ ಅದರ ಜಾಗದಲ್ಲಿ ಎಫ್ 66.1 ಎಂಬ ಕಲಮು ಉಳಿಯಿತು. ಒಲವು ತಾನಾಗಿ ರೋಗವಲ್ಲವೆಂದು ಮೊದಲು ಹೇಳಿ, ಯಾರಿಗೆ ತನ್ನ ಒಲವು ತನಗೇ ಒಗ್ಗದೋ, ಯಾರು ಅದು ಬೇರೆಯಾಗಿದ್ದರೆ ಎಂದು ಬಯಸುತ್ತಾನೋ, ಅಂಥವನು ಬದಲಾವಣೆಗಾಗಿ ಚಿಕಿತ್ಸೆ ಅರಸಿ ಬರಬಹುದು ಎಂದು ಆ ಕಲಮು ವಿವರಿಸುತ್ತಿತ್ತು. ವೈದ್ಯಭಾಷೆಯಲ್ಲಿ ಇದಕ್ಕೆ ‘ಈಗೋ-ಡಿಸ್ಟೋನಿಕ್’ ಎಂದು ಹೆಸರು. ಅಮೆರಿಕದವರು ಇಂಥದೇ ಒಂದು ವರ್ಗವನ್ನು 1980ರಲ್ಲಿ ಸೇರಿಸಿ 1987ರಲ್ಲಿ ತೆಗೆದುಹಾಕಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವನ್ನು ಅನುಸರಿಸುವ ಭಾರತದಲ್ಲಿ ಅದು 2022ರ ಜನವರಿಯಲ್ಲಿ ಹನ್ನೊಂದನೆಯ ಪರಿಷ್ಕರಣೆ ಜಾರಿಗೆ ಬರುವವರೆಗೂ ಪಟ್ಟಿಯಲ್ಲಿತ್ತು.

ಈ ಒಂದು ಕಲಮಿನ ಮೇಲೆ ಸ್ವಲ್ಪ ಹೊತ್ತು ನಿಲ್ಲುವುದು ಅವಶ್ಯಕ. ಧಾರ್ಮಿಕ ವಾಗ್ವಾದದ ಗಂಟು ಇರುವುದು ಇಲ್ಲಿಯೇ. ತಾನು ಒಲವನ್ನು ರೋಗವೆಂದು ಭಾವಿಸುವುದಿಲ್ಲ, ಆದರೆ ಎದುರಿಗೆ ಕುಳಿತ ವ್ಯಕ್ತಿ ಬದಲಾವಣೆಯನ್ನು ಬಯಸುತ್ತಿದ್ದಾನೆ ಎಂದು ವೈದ್ಯನು ಹೇಳುತ್ತಿದ್ದನು. ಆ ವ್ಯಕ್ತಿ ಏಕೆ ಬಯಸುತ್ತಾನೆ ಎಂದು ಕೇಳಿದರೆ ತಾಯಿತಂದೆಗಳ ಸಂಕಟ, ಮದುವೆಯ ಒತ್ತಾಯ ಮುಂದೆ ಬರುತ್ತಿದ್ದವು. ತಾಯಿತಂದೆಗಳನ್ನು ಕೇಳಿದರೆ ‘ನಮ್ಮ ಧರ್ಮದಲ್ಲಿ ಇದಿಲ್ಲ’ ಎಂಬ ಉತ್ತರ. ಪುರೋಹಿತನನ್ನೋ ಪಾದ್ರಿಯನ್ನೋ ಮೌಲವಿಯನ್ನೋ ಕೇಳಿದರೆ ಇದು ಮನಸ್ಸಿನ ತೊಂದರೆ, ಡಾಕ್ಟರಿಗೆ ತೋರಿಸಿ ಎಂಬ ಸಲಹೆ. ಪ್ರತಿಯೊಬ್ಬನೂ ಹೊಣೆಯನ್ನು ಪಕ್ಕದವನಿಗೆ ದಾಟಿಸುತ್ತ ಹೋದಾಗ ವೃತ್ತ ಪೂರ್ಣವಾಗುತ್ತದೆ. ಬದಲಾವಣೆಯನ್ನು ವಿಧಿಸಿದವರು ಯಾರೆಂಬುದು ಮಾತ್ರ ಎಲ್ಲಿಯೂ ಸಿಗುವುದಿಲ್ಲ. ವಿದ್ಯುತ್ ಆಘಾತವಾಗಲಿ ಒತ್ತಾಯದ ವಿವಾಹವಾಗಲಿ ಬೀಳುತ್ತಿದ್ದುದು ವೃತ್ತದ ನಡುವೆ ನಿಂತವನ ಮೇಲೆ. ಅಥವಾ ನಿಂತವಳ ಮೇಲೆ. ಹೆಣ್ಣುಮಕ್ಕಳ ವಿಷಯದಲ್ಲಿ ಮದುವೆಯೇ ಚಿಕಿತ್ಸೆಯಾಗಿ ಮುಗಿದುಹೋಗುತ್ತಿದ್ದುದರಿಂದ ಆಸ್ಪತ್ರೆಯ ದಾಖಲೆಗಳಲ್ಲಿ ಅವರ ಸುಳಿವು ವಿರಳ. ಆ ಮದುವೆಗಳಲ್ಲಿ ಸಿಲುಕಿದ ಇನ್ನೊಬ್ಬ ವ್ಯಕ್ತಿಯ ಲೆಕ್ಕವನ್ನು ಯಾವ ವೈದ್ಯಪತ್ರಿಕೆಯೂ ಇಟ್ಟಿಲ್ಲ.

ಈ ವೃತ್ತವನ್ನು ಗುರುತಿಸಿ ಪ್ರಶ್ನಿಸಿದ ಆರಂಭದ ಬರಹಗಳಲ್ಲಿ ಹಲವು ಬೆಂಗಳೂರಿನಿಂದ ಬಂದವು. 1994ರಲ್ಲಿ ‘ಗುಡ್ ಆ್ಯಸ್ ಯು’ ಎಂಬ ಬೆಂಬಲ ಗುಂಪು ಇಲ್ಲಿ ಆರಂಭವಾಯಿತು. 1999ರಲ್ಲಿ ‘ಸಂಗಮ’ ಮತ್ತು ‘ಸ್ವಭಾವ’ ಸಂಸ್ಥೆಗಳು ಸ್ಥಾಪನೆಗೊಂಡವು. ಎರಡನೆಯದರ ಹೆಸರು ಈ ಪ್ರಬಂಧದ ಮೊದಲ ವಾಕ್ಯಗಳಲ್ಲಿ ಹೇಳಿದ ವಾಗ್ವಾದಕ್ಕೆ ಒಂದೇ ಪದದ ಉತ್ತರದಂತಿದೆ. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆಯ ಕರ್ನಾಟಕ ಶಾಖೆಯು 2001ರ ಫೆಬ್ರವರಿಯಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ಮಾನವಹಕ್ಕು ಉಲ್ಲಂಘನೆಗಳ ಬಗ್ಗೆ ಬೆಂಗಳೂರನ್ನು ಆಧರಿಸಿ ವರದಿಯನ್ನು ಪ್ರಕಟಿಸಿತು. ಪೊಲೀಸರ ಕಿರುಕುಳದ ಜೊತೆಗೆ ಕುಟುಂಬ ಮತ್ತು ವೈದ್ಯಕೀಯ ವ್ಯವಸ್ಥೆಯನ್ನೂ ಅದು ಪರಿಶೀಲನೆಗೆ ಒಳಪಡಿಸಿತು. ಅದೇ ವರ್ಷ ದೆಹಲಿಯ ಆಸ್ಪತ್ರೆಯೊಂದರಲ್ಲಿ ನಡೆದ ಇಂಥ ಚಿಕಿತ್ಸೆಯ ವಿರುದ್ಧ ನಾಜ್ ಫೌಂಡೇಶನ್ ಸಲ್ಲಿಸಿದ ದೂರನ್ನು ರಾಷ್ಟ್ರೀಯ ಮಾನವಹಕ್ಕು ಆಯೋಗವು ಕೈಬಿಟ್ಟಿತು. ಕಾನೂನಿನ ದೃಷ್ಟಿಯಲ್ಲಿ ಅಪರಾಧವಾದದ್ದಕ್ಕೆ ಹಕ್ಕಿನ ರಕ್ಷಣೆ ಹೇಗೆ ಎಂಬುದು ಅದರ ಹಿಂದಿನ ಧೋರಣೆ. ಬೆಂಗಳೂರಿನ ವಕೀಲ ಅರವಿಂದ ನಾರಾಯಣ್ ಮತ್ತು ‘ಸ್ವಭಾವ’ದ ವಿನಯ್ ಚಂದ್ರನ್ ಅವರು ಇಲ್ಲಿನ ಮನೋವೈದ್ಯರೊಡನೆ ಮಾತನಾಡಿ ಬರೆದ ಅಧ್ಯಯನವು 2005ರಲ್ಲಿ ‘ಬಿಕಾಸ್ ಐ ಹ್ಯಾವ್ ಎ ವಾಯ್ಸ್’ ಎಂಬ ಸಂಕಲನದಲ್ಲಿ ಸೇರಿತು. ಸಲಿಂಗ ಒಲವು ಸರಿಯೆಂದು ಹೇಳುವುದು ತನ್ನ ಕೆಲಸವಲ್ಲವೆಂದ ವೈದ್ಯರೊಬ್ಬರ ಮಾತೇ ಆ ಅಧ್ಯಯನದ ಶೀರ್ಷಿಕೆಯಾಗಿದೆ. ಹೊಣೆ ದಾಟಿಸುವ ಕ್ರಮಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇನ್ನು ಕ್ರೈಸ್ತ ವಲಯದ ಚರ್ಚೆ. ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ 1910ರಲ್ಲಿ ಸ್ಥಾಪಿತವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, 1957ರಲ್ಲಿ ಆರಂಭವಾದ ಕ್ರಿಶ್ಚಿಯನ್ ಇನ್‌ಸ್ಟಿಟ್ಯೂಟ್ ಫಾರ್ ದಿ ಸ್ಟಡಿ ಆಫ್ ರಿಲಿಜನ್ ಅಂಡ್ ಸೊಸೈಟಿ ಇವೆರಡೂ ಭಾರತದ ಕ್ರೈಸ್ತ ಚಿಂತನೆಯ ಪ್ರಮುಖ ಕೇಂದ್ರಗಳು. ಇಲ್ಲಿಯ ಚರ್ಚೆಯನ್ನು ಅರಿಯಬೇಕಾದರೆ ಕನ್ನಡ ಕ್ರೈಸ್ತರ ಪದಕೋಶವನ್ನು ತುಸು ಗಮನಿಸಬೇಕು. ‘ಮಾನಸಾಂತರ’, ‘ಬಿಡುಗಡೆ’, ‘ಸ್ವಸ್ಥತೆ’ ಎಂಬ ಮೂರು ಮಾತುಗಳು ಪ್ರಾರ್ಥನಾಕೂಟಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತವೆ. ಪಾಪಿಗೆ ಬೇಕಾದದ್ದು ಮಾನಸಾಂತರ, ದುರಾತ್ಮಪೀಡಿತನಿಗೆ ಬಿಡುಗಡೆ, ರೋಗಿಗೆ ಸ್ವಸ್ಥತೆ. ಸಲಿಂಗ ಒಲವುಳ್ಳವನು ಈ ಮೂವರಲ್ಲಿ ಯಾರು? ಪಾಪಿಯಾದರೆ ಅವನ ಸಂಕಲ್ಪ ಸ್ವತಂತ್ರವಾಗಿರಬೇಕು. ರೋಗಿಯಾದರೆ ಅವನ ಮೇಲೆ ದೋಷವನ್ನು ಹೊರಿಸುವಂತಿಲ್ಲ. ಪೀಡಿತನಾದರೆ ಮಾಡಿದವನು ಅವನೇ ಅಲ್ಲ. ಮೂರನ್ನೂ ಒಬ್ಬನ ಮೇಲೆಯೇ ಹೇರುವುದು ತರ್ಕಕ್ಕೆ ಮಾತ್ರವಲ್ಲ, ಆ ಧರ್ಮದ ಸ್ವಂತ ಸಿದ್ಧಾಂತಕ್ಕೂ ಒಗ್ಗುವುದಿಲ್ಲ. ಆದರೂ ರೂಢಿಯಲ್ಲಿ ಹಾಗೆಯೇ ನಡೆದಿದೆ.

ಅಧಿಕೃತ ಬೋಧನೆಗಳು ಈ ವಿಷಯದಲ್ಲಿ ಜನರು ತಿಳಿದಿರುವುದಕ್ಕಿಂತ ಹೆಚ್ಚು ಎಚ್ಚರದಿಂದ ಮಾತನಾಡಿವೆ. 1992ರ ಕಥೋಲಿಕ ಧರ್ಮೋಪದೇಶವು ಸಲಿಂಗ ಕೃತ್ಯವನ್ನು ನಿಷೇಧಿಸುತ್ತದೆ; ಆದರೆ ಒಲವಿನ ಮನೋಮೂಲವು ಬಹುಮಟ್ಟಿಗೆ ವಿವರಣೆಗೆ ಸಿಕ್ಕಿಲ್ಲವೆಂದು ಒಪ್ಪಿ, ಅಂಥವರನ್ನು ಗೌರವದಿಂದಲೂ ಕರುಣೆಯಿಂದಲೂ ಕಾಣಬೇಕೆನ್ನುತ್ತದೆ. ಅದು ವಿಧಿಸುವುದು ಇಂದ್ರಿಯನಿಗ್ರಹವನ್ನು. ಚಿಕಿತ್ಸೆಯ ಪ್ರಸ್ತಾಪ ಅಲ್ಲಿಲ್ಲ. ದಕ್ಷಿಣ ಇಂಡಿಯಾ ಸಭೆಯೂ ಸೇರಿರುವ ಆಂಗ್ಲಿಕನ್ ಸಮುದಾಯದ 1998ರ ಲ್ಯಾಂಬೆತ್ ಸಮ್ಮೇಳನದ ನಿರ್ಣಯವು ಸಲಿಂಗ ಆಚರಣೆಯು ಧರ್ಮಗ್ರಂಥಕ್ಕೆ ಹೊಂದದ್ದೆಂದು ಘೋಷಿಸಿತು. ಜೊತೆಗೇ ಅಂಥವರ ಅನುಭವಕ್ಕೆ ಕಿವಿಗೊಡಬೇಕೆಂದೂ ಹೇಳಿತು. ದೇವರ ‘ರೂಪಾಂತರಿಸುವ ಶಕ್ತಿ’ಯನ್ನು ಅರಸುವವರ ಉಲ್ಲೇಖವೂ ಅದರಲ್ಲಿದೆ. ರೂಪಾಂತರ ಎಂದರೆ ಬದುಕಿನ ಕ್ರಮದ ರೂಪಾಂತರವೋ, ಒಲವಿನದ್ದೋ? ನಿರ್ಣಯವು ಬಿಡಿಸಿ ಹೇಳಲಿಲ್ಲ. ಆ ಒಂದು ಸಂದಿಗ್ಧದಲ್ಲಿ ಎರಡು ಪಕ್ಷಗಳಿಗೂ ಜಾಗ ದೊರೆಯಿತು. ಮುಂದೆ 2017ರ ಜುಲೈಯಲ್ಲಿ ಇಂಗ್ಲೆಂಡ್ ಸಭೆಯ ಮಹಾಸಭೆಯು ಪರಿವರ್ತನಾ ಚಿಕಿತ್ಸೆಯನ್ನು ಖಂಡಿಸಿ ಮತ ನೀಡಿತು.

ಅಮೆರಿಕದಲ್ಲಿ 1976ರಲ್ಲಿ ಹುಟ್ಟಿದ ‘ಎಕ್ಸೋಡಸ್ ಇಂಟರ್‌ನ್ಯಾಷನಲ್’ ಎಂಬ ಸಂಘಟನೆ ಪ್ರಾರ್ಥನೆ ಮತ್ತು ಆಪ್ತಸಲಹೆಗಳಿಂದ ಒಲವನ್ನು ಬದಲಾಯಿಸಬಹುದೆಂಬ ಮಾತನ್ನು ಜಗತ್ತಿಗೆ ಸಾರಿತು. 1973ರ ವೈದ್ಯ ನಿರ್ಣಯದಲ್ಲಿ ಮುಖ್ಯ ಪಾತ್ರ ವಹಿಸಿದ್ದ ರಾಬರ್ಟ್ ಸ್ಪಿಟ್ಜರ್ ಎಂಬ ಮನೋವೈದ್ಯರೇ 2001ರಲ್ಲಿ ಮಂಡಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಮಾತಿಗೆ ವಿಜ್ಞಾನದ ಮುದ್ರೆಯನ್ನು ಒತ್ತಿದಂತೆ ಕಂಡಿತು. ತಾವು ಬದಲಾದೆವೆಂದು ಹೇಳಿಕೊಂಡ 200 ಜನರೊಡನೆ ದೂರವಾಣಿಯಲ್ಲಿ ನಡೆಸಿದ ಸಂದರ್ಶನಗಳೇ ಅದರ ಆಧಾರ. ಹೇಳಿಕೆಯನ್ನೇ ಪುರಾವೆಯೆಂದು ಎಣಿಸಿದ ದೋಷವನ್ನು ಒಪ್ಪಿಕೊಂಡು ಸ್ಪಿಟ್ಜರ್ 2012ರಲ್ಲಿ ಕ್ಷಮೆ ಕೇಳಿದರು. ಮರುವರ್ಷದ ಜೂನ್‌ನಲ್ಲಿ ಎಕ್ಸೋಡಸ್‌ನ ಮುಖ್ಯಸ್ಥ ಅಲನ್ ಚೇಂಬರ್ಸ್ ಅವರೂ ಬಹಿರಂಗವಾಗಿ ಕ್ಷಮೆ ಯಾಚಿಸಿದರು, ಸಂಘಟನೆ ಮುಚ್ಚಿತು. ಒಂದು ಧಾರ್ಮಿಕ ಚಳವಳಿಯು ತನ್ನ ಮೂಲ ಪ್ರತಿಜ್ಞೆಯನ್ನೇ ಹೀಗೆ ಹಿಂದೆಗೆದುಕೊಂಡ ನಿದರ್ಶನಗಳು ಇತಿಹಾಸದಲ್ಲಿ ವಿರಳ.

ಭಾರತದ ಸಭೆಗಳ ಪ್ರತಿಕ್ರಿಯೆ ಒಂದೇ ಬಗೆಯದಾಗಿರಲಿಲ್ಲ. 2009ರ ಜುಲೈ 2ರಂದು ದೆಹಲಿ ಉಚ್ಚ ನ್ಯಾಯಾಲಯವು 377ನೆಯ ಕಲಮಿನ ವ್ಯಾಪ್ತಿಯನ್ನು ಸೀಮಿತಗೊಳಿಸಿದಾಗ ಸರ್ವೋಚ್ಚ ನ್ಯಾಯಾಲಯಕ್ಕೆ ಮೊರೆಹೋದವರಲ್ಲಿ ಉತ್ಕಲ ಕ್ರೈಸ್ತ ಮಂಡಳಿ ಮತ್ತು ಅಪೊಸ್ತಲಿಕ ಸಭೆಗಳ ಒಕ್ಕೂಟ ಸೇರಿದ್ದವು. ಅವುಗಳ ಜೊತೆಯಲ್ಲಿಯೇ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಇದ್ದಿತು. ದೆಹಲಿಯ ಜ್ಯೋತಿಷಿ ಸುರೇಶ್ ಕುಮಾರ್ ಕೌಶಲ್ ಇದ್ದರು. ಬೇರೆ ಯಾವ ವಿಷಯದಲ್ಲಿಯೂ ಒಂದೇ ಪಂಕ್ತಿಯಲ್ಲಿ ಕೂರದವರು ಇಲ್ಲಿ ಕೂಡಿ ಕುಳಿತರು. ಇದಕ್ಕೆ ಎದುರಾಗಿ ರಾಷ್ಟ್ರೀಯ ಕ್ರೈಸ್ತ ಸಭೆಗಳ ಮಂಡಳಿಯು ‘ಈಶಾ’ ಎಂಬ ಯೋಜನೆಯ ಮೂಲಕ ಈ ವಿಷಯದಲ್ಲಿ ಸಭೆಗಳೊಡನೆ ಸಂವಾದವನ್ನು ಆರಂಭಿಸಿತು. ಮಿಲ್ಲರ್ಸ್ ರಸ್ತೆಯ ಸಂಸ್ಥೆಯು 2015ರಲ್ಲಿ ಜಾರ್ಜ್ ಜಕರಿಯಾ ಮತ್ತು ವಿನ್ಸೆಂಟ್ ರಾಜಕುಮಾರ್ ಅವರ ಸಂಪಾದಕತ್ವದಲ್ಲಿ ‘ಡಿಸ್ರಪ್ಟಿವ್ ಫೇತ್, ಇನ್‌ಕ್ಲೂಸಿವ್ ಕಮ್ಯೂನಿಟೀಸ್’ ಎಂಬ ಸಂಕಲನವನ್ನು ಹೊರತಂದಿತು. ಅದರ ಉಪಶೀರ್ಷಿಕೆಯಲ್ಲಿ ‘ಸಲಿಂಗಕಾಮ’ ಎಂದಿಲ್ಲ. ಸಲಿಂಗಕಾಮಿಗಳ ಬಗೆಗಿನ ಭೀತಿದ್ವೇಷ ಎಂಬ ಅರ್ಥದ ಪದವಿದೆ. ಪರೀಕ್ಷೆಗೆ ಒಳಗಾಗಬೇಕಾದದ್ದು ಯಾವುದೆಂಬ ಪ್ರಶ್ನೆಯನ್ನೇ ಅದು ತಿರುಗಿಸಿ ನಿಲ್ಲಿಸಿತು. ದಂಡು ಪ್ರದೇಶದ ವಿದ್ವತ್ ಪರಂಪರೆಯ ಕೊಡುಗೆಗಳಲ್ಲಿ ಇದನ್ನೂ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ.

ಹಿಂದೂ ಗುರುಗಳ ವಲಯದಲ್ಲಿ ಚರ್ಚೆ ಬೇರೆ ಪದಗಳನ್ನು ಆಶ್ರಯಿಸಿತು. 2013ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ದೆಹಲಿಯ ತೀರ್ಪನ್ನು ರದ್ದುಗೊಳಿಸಿದಾಗ ಯೋಗಗುರು ರಾಮದೇವ್ ಅವರು ಇದೊಂದು ಕೆಟ್ಟ ಚಟವೆಂದೂ ತಮ್ಮ ಆಶ್ರಮಕ್ಕೆ ಬಂದರೆ ಯೋಗದಿಂದ ವಾಸಿಮಾಡುವುದಾಗಿಯೂ ಹೇಳಿದರು. ಬೆಂಗಳೂರಿನ ಆರ್ಟ್ ಆಫ್ ಲಿವಿಂಗ್ ಸಂಸ್ಥೆಯ ಶ್ರೀ ಶ್ರೀ ರವಿಶಂಕರ್ ಅವರ ನಿಲುವು ಅದೇ ದಿನಗಳಲ್ಲಿ ಇದಕ್ಕೆ ವಿರುದ್ಧವಾಗಿತ್ತು: ಹಿಂದೂ ಸಂಸ್ಕೃತಿಯಲ್ಲಿ ಇದನ್ನು ಎಂದೂ ಅಪರಾಧವೆಂದು ಎಣಿಸಿಲ್ಲವೆಂದು ಹೇಳಿ, ಹರಿಹರರಿಂದ ಜನಿಸಿದ ಅಯ್ಯಪ್ಪನನ್ನು ಉದಾಹರಿಸಿದರು. ನಾಲ್ಕು ವರ್ಷಗಳ ಬಳಿಕ, 2017ರ ನವೆಂಬರ್‌ನಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯೊಬ್ಬರ ಪ್ರಶ್ನೆಗೆ ಉತ್ತರಿಸುತ್ತ, ಇದು ಈಗಿನ ಒಂದು ಪ್ರವೃತ್ತಿ, ಅದನ್ನು ಒಪ್ಪಿಕೊಳ್ಳಿ, ಆದರೆ ಅದು ಶಾಶ್ವತವಲ್ಲ, ಬದಲಾಗಲೂಬಹುದು ಎಂಬ ಆಶಯದ ಮಾತನಾಡಿದರು. ಸಾಕಷ್ಟು ಟೀಕೆಗಳು ಬಂದವು. ಈ ಎರಡು ಮಾತುಗಳನ್ನು ವಿರೋಧಾಭಾಸವೆಂದು ತಳ್ಳಿಹಾಕುವುದು ಸುಲಭ. ಆದರೆ ಎಲ್ಲ ಗುಣಗಳೂ ಅನಿತ್ಯವೆನ್ನುವ ವೇದಾಂತದ ಭಾಷೆಯಲ್ಲಿ ‘ಬದಲಾಗಬಹುದು’ ಎಂಬುದಕ್ಕೆ ಒಂದು ಅರ್ಥವಿದ್ದರೆ, ಮಗನನ್ನು ಬದಲಾಯಿಸಲು ಹವಣಿಸುತ್ತಿರುವ ತಂದೆಯ ಕಿವಿಗೆ ಅದೇ ಮಾತು ಬೇರೆಯೇ ಆಗಿ ಕೇಳಿಸುತ್ತದೆ. ತತ್ತ್ವದ ಮಾತು ಮನೆಯೊಳಗೆ ಔಷಧಿಯ ಚೀಟಿಯಾಗುವ ಅಪಾಯವನ್ನು ವೇದಿಕೆಯ ಮೇಲಿನವರು ಅಂದಾಜು ಮಾಡಬೇಕಿತ್ತು.

‘ಚಟ’ ಎಂಬ ಪದದ ಪರಿಣಾಮವಂತೂ ಇನ್ನೂ ಗಂಭೀರ. ಚಟವೆಂದ ಮೇಲೆ ವ್ಯಸನಮುಕ್ತಿ ಕೇಂದ್ರವುಂಟಲ್ಲ! 2015ರ ಜನವರಿಯಲ್ಲಿ ಗೋವಾದ ಸಚಿವರೊಬ್ಬರು ಇಂಥ ಯುವಜನರನ್ನು ‘ಸಾಮಾನ್ಯ’ರನ್ನಾಗಿಸುವ ಕೇಂದ್ರಗಳನ್ನು ಮದ್ಯವ್ಯಸನಿಗಳ ಕೇಂದ್ರಗಳ ಮಾದರಿಯಲ್ಲಿ ತೆರೆಯುವ ಮಾತನಾಡಿ, ಟೀಕೆ ಬಂದಾಗ ಹಿಂದೆ ಸರಿದರು. 2020ರಲ್ಲಿ ಕೇರಳದ ಒಬ್ಬ ಯುವ ವಿದ್ಯಾರ್ಥಿಯ ಸಾವು ದೇಶದ ಗಮನ ಸೆಳೆಯಿತು. ಮನೆಯವರು ತಮ್ಮನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿ ಬಲವಂತದ ಔಷಧೋಪಚಾರ ಮಾಡಿಸಿದರೆಂದು ಆ ವಿದ್ಯಾರ್ಥಿ ಮೊದಲೇ ಬಹಿರಂಗವಾಗಿ ಹೇಳಿಕೊಂಡಿದ್ದರು. ಕೇರಳ ಉಚ್ಚ ನ್ಯಾಯಾಲಯದಲ್ಲಿ ಪರಿವರ್ತನಾ ಚಿಕಿತ್ಸೆಯ ನಿಷೇಧವನ್ನು ಕೋರಿದ ಅರ್ಜಿ ಇದರ ಬೆನ್ನಲ್ಲಿಯೇ ಸಲ್ಲಿಕೆಯಾಯಿತು.

ವೈದ್ಯಕೀಯ ನಿಲುವಿನ ಬದಲಾವಣೆಯಲ್ಲಿ ಬೆಂಗಳೂರಿನ ಮನೋವೈದ್ಯರ ಪಾತ್ರವನ್ನು ಮರೆಯಲಾಗದು. ಸರ್ವೋಚ್ಚ ನ್ಯಾಯಾಲಯದಲ್ಲಿ ಕೌಶಲ್ ಪ್ರಕರಣ ನಡೆಯುತ್ತಿದ್ದಾಗ ನಿಮ್ಹಾನ್ಸ್‌ನ ಡಾ. ಶೇಖರ್ ಶೇಷಾದ್ರಿ ಮತ್ತು ಇತರ ಮಾನಸಿಕ ಆರೋಗ್ಯ ತಜ್ಞರು ಮಧ್ಯಪ್ರವೇಶಿಸಿ, ಸಲಿಂಗ ಒಲವು ರೋಗವಲ್ಲವೆಂದು ನಿವೇದಿಸಿಕೊಂಡರು. 2018ರ ಜುಲೈಯಲ್ಲಿ ಭಾರತೀಯ ಮನೋವೈದ್ಯ ಸಂಘವು ಅದೇ ನಿಲುವನ್ನು ಸ್ಪಷ್ಟ ಶಬ್ದಗಳಲ್ಲಿ ಪ್ರಕಟಿಸಿದಾಗ ಅದರ ಅಧ್ಯಕ್ಷರಾಗಿದ್ದವರು ಬೆಂಗಳೂರಿನ ಸಂತ ಮಾರ್ಥಾ ಆಸ್ಪತ್ರೆಯ ಡಾ. ಅಜಿತ್ ಭಿಡೆ. ಆ ಆಸ್ಪತ್ರೆ ಗುಡ್ ಶೆಫರ್ಡ್ ಸಂನ್ಯಾಸಿನಿಯರು 1886ರಲ್ಲಿ ಸ್ಥಾಪಿಸಿದ ಕಥೋಲಿಕ ಸಂಸ್ಥೆ. ಅವರು ಮಾತನಾಡಿದ್ದು ಸಂಘದ ಪರವಾಗಿಯೇ ಹೊರತು ಆಸ್ಪತ್ರೆಯ ಪರವಾಗಿ ಅಲ್ಲವೆಂಬುದು ನಿಜ. ಹಾಗಿದ್ದರೂ ಧರ್ಮ ಒಂದು ಕಡೆ, ವೈದ್ಯ ಇನ್ನೊಂದು ಕಡೆ ಎಂದು ಗೆರೆ ಎಳೆದು ನೋಡುವವರಿಗೆ ಈ ಸಂಗತಿ ತೊಡಕನ್ನು ಒಡ್ಡುತ್ತದೆ. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧಮುಕ್ತಗೊಳಿಸಿತು. ಆಪ್ತಸಲಹೆಯ ಗುರಿ ಬದಲಾವಣೆಯಾಗಿರದೆ ವ್ಯಕ್ತಿಯು ತನ್ನ ಒಲವಿನೊಡನೆ ನೆಮ್ಮದಿಯಿಂದ ಬಾಳುವುದಾಗಿರಬೇಕೆಂಬ ವಿಚಾರವೂ ಆ ತೀರ್ಪಿನಲ್ಲಿ ಬಂದಿದೆ. 377ನೆಯ ಕಲಮನ್ನು ಒಳಗೊಂಡ ಹಳೆಯ ದಂಡಸಂಹಿತೆಯೇ 2024ರ ಜುಲೈ 1ರಂದು ನಿವೃತ್ತವಾಯಿತು.

ಕನ್ನಡ ಓದುಗರ ಮಟ್ಟಿಗೆ ವಸುಧೇಂದ್ರರ ‘ಮೋಹನಸ್ವಾಮಿ’ (2013) ಕಥಾಸಂಕಲನ ಈ ಬದುಕನ್ನು ವರದಿಗಳ ಭಾಷೆಯಿಂದ ಬಿಡಿಸಿ ಮನೆಮಾತಿಗೆ ತಂದಿತು. ಲೇಖಕರು ಬೆಂಗಳೂರಿನಲ್ಲಿ ತಂತ್ರಾಂಶ ಉದ್ಯೋಗದಲ್ಲಿದ್ದವರು ಎಂಬುದು ನಮ್ಮನ್ನು ಮತ್ತೆ ನಗರದ ಪೂರ್ವಕ್ಕೆ ಕರೆತರುತ್ತದೆ.

ದೊಡ್ಡನೆಕ್ಕುಂದಿ, ಮಾರತಹಳ್ಳಿ, ಮಹದೇವಪುರ, ಕೃಷ್ಣರಾಜಪುರಗಳ ಈಗಿನ ನಿವಾಸಿಗಳಲ್ಲಿ ಕನ್ನಡಿಗರ ಜೊತೆಗೆ ಮಲಯಾಳಿ, ತಮಿಳು, ತೆಲುಗು, ಹಿಂದಿ ಭಾಷಿಕರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಭಾನುವಾರದ ಆರಾಧನೆ ಹಲವು ಭಾಷೆಗಳಲ್ಲಿ, ಹಲವು ಕಡೆ ಬಾಡಿಗೆಯ ಸಭಾಂಗಣಗಳಲ್ಲಿ ನಡೆಯುತ್ತದೆ, ಸತ್ಸಂಗಗಳೂ ಹಾಗೆಯೇ. ಹಳೆಯ ದಂಡಿನ ಸಭೆಗಳಿಗೆ ಬಿಷಪ್ಪರೂ ವಿದ್ಯಾಪೀಠವೂ ಇದ್ದು, ಪ್ರಶ್ನೆ ಕೇಳುವವರಿಗೆ ಒಂದು ಬಾಗಿಲಿತ್ತು. ಸ್ವತಂತ್ರ ಕೂಟಗಳಲ್ಲಿ ನಾಯಕನ ಮಾತಿಗೆ ಮೇಲ್ಮನವಿಯಿಲ್ಲ. ಇಲ್ಲಿಯ ಕುಟುಂಬಗಳ ನೆಂಟಸ್ತನ ಕೊಚ್ಚಿಯಲ್ಲೋ ಮಧುರೆಯಲ್ಲೋ ಇರುವುದರಿಂದ, ಮಗಳನ್ನು ಎಲ್ಲಿಗೆ ಕರೆದೊಯ್ಯಬೇಕೆಂಬ ನಿರ್ಧಾರವೂ ಅಲ್ಲಿಯೇ ಆಗಬಹುದು. ಆದ್ದರಿಂದ ಕೇರಳದ ಅರ್ಜಿಯಾಗಲಿ, 2021ರ ಜೂನ್ 7ರಂದು ಮದ್ರಾಸ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಆನಂದ ವೆಂಕಟೇಶ್ ಅವರು ಇಂಥ ಚಿಕಿತ್ಸಾಯತ್ನಗಳನ್ನು ನಿಷೇಧಿಸಿ ನೀಡಿದ ಆದೇಶವಾಗಲಿ ಬೆಂಗಳೂರಿನ ಪೂರ್ವಕ್ಕೆ ಹೊರನಾಡಿನ ಸುದ್ದಿಯಲ್ಲ. ಆ ನ್ಯಾಯಮೂರ್ತಿಗಳು ತಮ್ಮ ಅರಿವಿನ ಕೊರತೆಯನ್ನು ಬಿಚ್ಚುಮನಸ್ಸಿನಿಂದ ಒಪ್ಪಿಕೊಂಡು, ತಾವೇ ಮನೋತಜ್ಞರ ಬಳಿ ಕುಳಿತು ತಿಳಿದುಕೊಂಡು ಆದೇಶ ಬರೆದರು. ಆ ಪ್ರಕರಣದ ಮುಂದುವರಿಕೆಯಾಗಿ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಪರಿವರ್ತನಾ ಚಿಕಿತ್ಸೆಯನ್ನು ವೃತ್ತಿದುರ್ನಡತೆಯೆಂದು ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿತು.

ಕಾನೂನಿನ ಈಗಿನ ಸ್ಥಿತಿಯಲ್ಲಿ ಒಂದು ಬಿರುಕು ಉಳಿದಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು, ಒಬ್ಬನ ನಡೆ ಅವನ ಸಮುದಾಯದ ನೈತಿಕ ಮೌಲ್ಯಗಳಿಗೋ ಧಾರ್ಮಿಕ ನಂಬಿಕೆಗಳಿಗೋ ಹೊಂದುವುದಿಲ್ಲವೆಂಬ ಕಾರಣಕ್ಕೆ ಅವನನ್ನು ಮನೋರೋಗಿಯೆಂದು ನಿರ್ಧರಿಸಬಾರದೆಂದು ಮೂರನೆಯ ಕಲಮಿನಲ್ಲಿ ಹೇಳುತ್ತದೆ. ವೈದ್ಯಕೀಯ ಆಯೋಗದ ಸೂಚನೆ ನೋಂದಾಯಿತ ವೈದ್ಯರಿಗೆ ಅನ್ವಯಿಸುತ್ತದೆ. 2023ರ ಅಕ್ಟೋಬರ್ 17ರ ಸುಪ್ರಿಯೋ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರು ವೈದ್ಯರು ಮಾತ್ರವಲ್ಲದೆ ಇತರ ವಯಸ್ಕರು ನಡೆಸುವ ಇಂಥ ‘ಚಿಕಿತ್ಸೆ’ಗಳೂ ಕೂಡಲೇ ನಿಲ್ಲಬೇಕೆಂದು ಬರೆದರು, ಆದರೆ ಅವರದು ಅಲ್ಪಮತದ ತೀರ್ಪಾಗಿತ್ತು. ಕರ್ನಾಟಕದ್ದೇ ಆದ 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಪ್ರತಿಬಂಧ ಹಾಗೂ ನಿರ್ಮೂಲನೆ ಅಧಿನಿಯಮವು 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು ಅದರ ಪ್ರಕಾರ ಅಪರಾಧ. ದೈಹಿಕ ಹಾನಿಯಿಲ್ಲದ ಪ್ರಾರ್ಥನೆ, ಉಪಾಸನೆ ಮತ್ತು ಧಾರ್ಮಿಕ ವಿಧಿಗಳನ್ನು, ಅವು ಮನೆಯಲ್ಲಿ ನಡೆಯಲಿ, ದೇವಾಲಯ, ಮಸೀದಿ, ಚರ್ಚುಗಳಲ್ಲಿ ನಡೆಯಲಿ, ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಧರ್ಮಸ್ವಾತಂತ್ರ್ಯದ ದೃಷ್ಟಿಯಿಂದ ಈ ವಿನಾಯಿತಿ ಅಗತ್ಯವೇ. ಬಾಗಿಲು ಹಾಕಿದ ಕೋಣೆಯಲ್ಲಿ ಹದಿನೇಳು ವರ್ಷದ ಒಬ್ಬ ಹುಡುಗನನ್ನು ನಡುವೆ ಕೂರಿಸಿ, ಮೈಮುಟ್ಟದೆ, ವಾರಗಟ್ಟಲೆ ಅವನ ‘ಬಿಡುಗಡೆ’ಗಾಗಿ ನಡೆಸುವ ಪ್ರಾರ್ಥನೆಯು ಈ ಅಧಿನಿಯಮದ ಯಾವ ಪಕ್ಕಕ್ಕೆ ಸೇರುತ್ತದೆಂಬುದನ್ನು ಶಾಸಕಾಂಗ ಇನ್ನೂ ಹೇಳಿಲ್ಲ.